ಕಾರ್ಬ್ಯುರೇಟರ್ ಕಾರುಗಳಲ್ಲಿ ಚೋಕ್ ಮತ್ತು ಚಾರ್ಜಿಂಗ್ ದೋಷಗಳು

ಕಾರ್ಬ್ಯುರೇಟರ್ ಬಳಸುವ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಚಾಲನೆಗೊಳ್ಳದಿರುವುದಕ್ಕೆ ಅಥವಾ ನಡುದಾರಿಯಲ್ಲಿ ನಿಲ್ಲುವುದಕ್ಕೆ ಸಾಮಾನ್ಯ ಕಾರಣಗಳಲ್ಲಿ ಚೋಕ್ ದೋಷ ಮತ್ತು ಚಾರ್ಜಿಂಗ್ ದೋಷ ಮುಖ್ಯವಾದವು. ಇವೆರಡರ ಲಕ್ಷಣಗಳು ಅನೇಕ ವೇಳೆ ಒಂದನ್ನೊಂದು ಹೋಲುತ್ತವೆ. ಆದುದರಿಂದ ಪರೀಕ್ಷೆಯನ್ನು ಕ್ರಮಬದ್ಧವಾಗಿ ನಡೆಸುವುದು ಅಗತ್ಯ.

ಹಿನ್ನೆಲೆ

ಭಾರತದಲ್ಲಿ ಹಿಂದೂಸ್ಥಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಈ ವರ್ಗದ ಪ್ರಮುಖ ಕಾರುಗಳು. 2000ದ ಸುಮಾರಿಗೆ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಂತೆ ಕಾರ್ಬ್ಯುರೇಟರ್‌ನ ಸ್ಥಾನವನ್ನು ಇಂಧನ ಇಂಜೆಕ್ಷನ್ ವ್ಯವಸ್ಥೆ ಆಕ್ರಮಿಸಿತು.

ಚೋಕ್‌ನ ಕಾರ್ಯ

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಹೆಚ್ಚು ಇಂಧನವುಳ್ಳ ಮಿಶ್ರಣ ಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಗುಬುಟನ್ನು ಎಳೆದಾಗ ತಂತಿಯ ಮೂಲಕ ಗಾಳಿಯ ದ್ವಾರದ ಕವಾಟ ಮುಚ್ಚಿ, ನಿರ್ವಾತ ಹೆಚ್ಚಿ, ಅಧಿಕ ಪೆಟ್ರೋಲ್ ಸೆಳೆಯಲ್ಪಡುತ್ತದೆ. ಎಸ್.ಯು. ಮಾದರಿಯ ಕಾರ್ಬ್ಯುರೇಟರ್‌ಗಳಲ್ಲಿ ಕವಾಟದ ಬದಲು ಜೆಟ್ ಕೆಳಗಿಳಿದು ಇದೇ ಪರಿಣಾಮವನ್ನು ಉಂಟುಮಾಡುತ್ತದೆ.

ಚೋಕ್ ದೋಷಗಳ ಲಕ್ಷಣಗಳು

* ಚೋಕ್ ಪೂರ್ಣ ಮುಚ್ಚದಿದ್ದರೆ: ಮುಂಜಾನೆ ಎಂಜಿನ್ ಹತ್ತದು, ಹತ್ತಿದರೂ ಕೂಡಲೇ ನಿಲ್ಲುತ್ತದೆ. ತಂತಿ ಸಡಿಲಾಗಿರುವುದು ಅಥವಾ ತುಂಡಾಗಿರುವುದು ಸಾಮಾನ್ಯ ಕಾರಣ.
* ಚೋಕ್ ತೆರೆಯದೆ ಸಿಕ್ಕಿಕೊಂಡರೆ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಕಾಣಿಸುತ್ತವೆ. ಅಧಿಕ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ ಸವೆತವನ್ನು ಹೆಚ್ಚಿಸುತ್ತದೆ.

ಏರ್ ಫಿಲ್ಟರ್ ಕಳಚಿ, ಗುಬುಟನ್ನು ಎಳೆದು ಬಿಟ್ಟಾಗ ಕವಾಟ ಪೂರ್ಣ ಚಲಿಸುತ್ತದೆಯೇ ಎಂದು ಕಣ್ಣಿನಿಂದ ನೋಡುವುದೇ ಮೊದಲ ಪರೀಕ್ಷೆ. ಧೂಳು ಕಟ್ಟಿದ್ದರೆ ಕಾರ್ಬ್ಯುರೇಟರ್ ಕ್ಲೀನರ್‌ನಿಂದ ಶುಚಿಗೊಳಿಸಲಾಗುತ್ತದೆ.

ಚಾರ್ಜಿಂಗ್ ವ್ಯವಸ್ಥೆ

ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಿ ಡೈನಮೋ, ನಂತರದ ಕಾರುಗಳಲ್ಲಿ ಆಲ್ಟರ್ನೇಟರ್ ಬ್ಯಾಟರಿಗೆ ವಿದ್ಯುತ್ ತುಂಬುತ್ತವೆ. ಡೈನಮೋ ಇರುವ ಕಾರಿನಲ್ಲಿ ಎಂಜಿನ್ ನಿಧಾನಗತಿಯಲ್ಲಿದ್ದಾಗ ಕೆಂಪು ದೀಪ ಮಂದವಾಗಿ ಮಿನುಗುವುದು ದೋಷವಲ್ಲ. ವೇಗ ಹೆಚ್ಚಿದಾಗಲೂ ಆರದಿದ್ದರೆ ಅದು ದೋಷ. ಅನೇಕ ಆಲ್ಟರ್ನೇಟರ್‌ಗಳಲ್ಲಿ ಆರಂಭದ ಪ್ರವಾಹ ಇದೇ ದೀಪದ ಮೂಲಕ ಹರಿಯುವುದರಿಂದ ಬಲ್ಬ್ ಸುಟ್ಟರೆ ಚಾರ್ಜಿಂಗ್ ಆರಂಭವಾಗದಿರಬಹುದು.

ಪರೀಕ್ಷಾ ಕ್ರಮ

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. ಸುಮಾರು 12.6 ವೋಲ್ಟ್ ಪೂರ್ಣ ಚಾರ್ಜನ್ನು ಸೂಚಿಸುತ್ತದೆ. 12ಕ್ಕಿಂತ ಕಡಿಮೆಯಾದರೆ ಬ್ಯಾಟರಿ ಬಹುತೇಕ ಬರಿದಾಗಿದೆ.
2. ಬ್ಯಾಟರಿ ತುದಿಗಳಲ್ಲಿನ ಬಿಳಿ ಅಥವಾ ನೀಲಿ ಪುಡಿಯನ್ನು ಅಡುಗೆ ಸೋಡಾದ ನೀರಿನಿಂದ ತೊಳೆದು, ಒಣಗಿಸಿ, ತುದಿಗಳನ್ನು ಬಿಗಿಗೊಳಿಸಿ ವ್ಯಾಸಲಿನ್ ಹಚ್ಚಬೇಕು.
3. ಎಂಜಿನ್ ನಿಂತಿರುವಾಗ ಫ್ಯಾನ್ ಬೆಲ್ಟಿನ ಬಿಗಿತ ನೋಡಬೇಕು. ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿ.ಮೀ. ಬಾಗಬೇಕು.
4. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 15ನ್ನು ದಾಟಿದರೆ ರೆಗ್ಯುಲೇಟರ್ ದೋಷಪೂರಿತ.
5. ಇವೆಲ್ಲ ಸರಿಯಿದ್ದ ನಂತರವೇ ಚೋಕ್ ಮತ್ತು ಇಂಧನದ ಕಡೆಗೆ ಗಮನ ಹರಿಸಬೇಕು. ದುರ್ಬಲ ಬ್ಯಾಟರಿಯಿಂದ ಕಿಡಿ ಕ್ಷೀಣಿಸಿದಾಗ ಚೋಕನ್ನು ಪದೇಪದೇ ಎಳೆದರೆ ಪ್ಲಗ್‌ಗಳು ಒದ್ದೆಯಾಗಿ ಮೂಲ ದೋಷ ಮರೆಯಾಗುತ್ತದೆ.

ರಾಯಚೂರು ಪ್ರದೇಶದಲ್ಲಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಇಲ್ಲಿ ಚೋಕ್ ಅಗತ್ಯವಾಗುವುದು ಮುಖ್ಯವಾಗಿ ಡಿಸೆಂಬರ್-ಜನವರಿಯ ಮುಂಜಾವುಗಳಲ್ಲಿ. ವರ್ಷದ ಬಹುಭಾಗ ಬಳಸದ ತಂತಿ ಕರಿಮಣ್ಣಿನ ಸೀಮೆಯ ಧೂಳಿನಿಂದ ಬಿಗಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಎಳೆದು ಬಿಡುವುದು ಒಳಿತು.

ಬೇಸಿಗೆಯಲ್ಲಿ ನಿಲ್ಲಿಸಿದ ಕಾರು ಮತ್ತೆ ಹತ್ತದಿರುವುದಕ್ಕೆ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಥವಾ ಕೊಳವೆಯಲ್ಲಿ ಕುದಿದು ಆವಿಯಾಗುವುದು ಕಾರಣವಾಗಿರುತ್ತದೆ. ಆಗ ಚೋಕ್ ಎಳೆಯಬಾರದು. ಬಾನೆಟ್ ತೆರೆದು ತಣಿಸಿ, ಆಕ್ಸಿಲರೇಟರನ್ನು ಪಂಪ್ ಮಾಡದೆ ಪೂರ್ಣ ಒತ್ತಿಹಿಡಿದು ಸ್ಟಾರ್ಟ್ ಮಾಡಬೇಕು. ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಲವಣಾಂಶವಿರುವ ಕೊಳವೆಬಾವಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು.

2023ರಿಂದ ಮಾರಾಟಕ್ಕೆ ಬಂದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲಿನಿಂದ ಹಳೆಯ ರಬ್ಬರ್ ಕೊಳವೆ ಮತ್ತು ಸೀಲುಗಳು ಹಾಳಾಗಬಹುದಾದ್ದರಿಂದ ಸೋರಿಕೆಯನ್ನು ಆಗಾಗ ಪರಿಶೀಲಿಸಬೇಕು.

ಸುರಕ್ಷತೆ

ಈ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಚಲಿಸುವಾಗ ಕೆಂಪು ದೀಪ ಹತ್ತಿ ಎಂಜಿನ್ ತಾಪವೂ ಏರತೊಡಗಿದರೆ ಬೆಲ್ಟ್ ತುಂಡಾಗಿರುವ ಸಂಭವವಿದ್ದು, ಕಾರನ್ನು ತಕ್ಷಣ ನಿಲ್ಲಿಸಬೇಕು. ಮುಂದುವರಿದರೆ ಸಿಲಿಂಡರ್ ಹೆಡ್ ಬಾಗಿ ಎಂಜಿನ್ ಕೆಡಬಹುದು. ಬಿಸಿಯಾದ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು. ಚಾರ್ಜ್ ಆಗುವ ಬ್ಯಾಟರಿ ಜಲಜನಕವನ್ನು ಹೊರಬಿಡುವುದರಿಂದ ಬೆಂಕಿ, ಕಿಡಿ ದೂರವಿರಬೇಕು. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿ ತಂತಿ ಕಳಚಿ ಪರೀಕ್ಷಿಸುವ ರೂಢಿ ಆಲ್ಟರ್ನೇಟರ್‌ನ ಡಯೋಡುಗಳನ್ನು ಹಾಳುಮಾಡಬಲ್ಲದು.