ಹೊಕ್ಕುಳ ಸುತ್ತಿನ ಸೂಜಿ, ಕುರಿಯ ಋಣ

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್! ಶ್ರೀನಿವಾಸಪುರದ ಕಡೆಯ ಹಿರಿಯರಿಗೆ ಇದು ಮರೆಯಲಾಗದ ಭಯ. ಆ ಸೀಸೆಯಲ್ಲಿದ್ದದ್ದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರಲಿಲ್ಲ.

1885ರಲ್ಲಿ ಲೂಯಿ ಪಾಶ್ಚರ್ ರೇಬೀಸ್ ಸೋಂಕಿತ ಮೊಲದ ಬೆನ್ನುಹುರಿಯನ್ನು ಒಣಗಿಸಿ ಲಸಿಕೆ ತಯಾರಿಸಿದರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಸೋಂಕಿತ ಮಿದುಳಿನಲ್ಲಿರುವ ವೈರಸ್ಸನ್ನು ಫಿನಾಲ್‌ನಿಂದ ನಿಷ್ಕ್ರಿಯಗೊಳಿಸುವ ವಿಧಾನ ರೂಪಿಸಿದರು. ಮುಂದೆ ಕುರಿಗಳಿಗೆ ರೇಬೀಸ್ ಹತ್ತಿಸಿ, ಅವುಗಳ ಮಿದುಳು ತೆಗೆದು ಅರೆದು ಲಸಿಕೆ ಮಾಡುವುದು ರೂಢಿಯಾಯಿತು. 1907ರಲ್ಲಿ ಆರಂಭವಾದ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಇದೇ ಬಗೆಯ ಲಸಿಕೆ ತಯಾರಾಗುತ್ತಿತ್ತು.

ಅಗ್ಗದ ಆ ಲಸಿಕೆ ಬಡವರ ಜೀವ ಉಳಿಸಿತು. ಆದರೆ ಅದರಲ್ಲಿದ್ದ ಮಿದುಳಿನ ಅಂಶವೇ ಕೆಲವರ ನರಗಳಿಗೆ ಘಾಸಿ ಮಾಡಿ ಪಾರ್ಶ್ವವಾಯು ತರುತ್ತಿತ್ತು. 2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆ ನಿಂತಿತು. ಈಗಿನ ಲಸಿಕೆಗೆ ಬೇಕಾದ ವೈರಸ್ಸನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸುತ್ತಾರೆ, ಚುಚ್ಚುವುದು ತೋಳಿಗೆ.

ಕುರಿ ಪಾರಾಯಿತು. ಇಲಿಯ ಗತಿ? ಇಲಿಗಳಿಗೆ ಲಸಿಕೆ ಕೊಟ್ಟು, ಬಳಿಕ ಮಿದುಳಿಗೆ ವೈರಸ್ ಚುಚ್ಚಿ, ಬದುಕುಳಿದವನ್ನು ಎಣಿಸಿ ಲಸಿಕೆಯ ಬಲ ಅಳೆಯುವುದು ದಶಕಗಳ ಪದ್ಧತಿ. ಪ್ರಾಣಿಯಿಲ್ಲದೆ ಅಳೆಯುವ ವಿಧಾನಗಳೂ ಬಂದಿವೆ. ಕುರಿಯನ್ನು ಬಿಡಿಸಿದ್ದು ಉತ್ತಮ ಲಸಿಕೆ. ಇಲಿಯನ್ನು ಬಿಡಿಸಬೇಕಾದುದು ಉತ್ತಮ ಪರೀಕ್ಷೆ.