ಸಾಮಾಜಿಕ ಭಾಷಾವಿಜ್ಞಾನದಲ್ಲಿ ಅಧ್ಯಯನ ವಿನ್ಯಾಸ

ಯಾರು, ಯಾರೊಡನೆ, ಯಾವ ಸಂದರ್ಭದಲ್ಲಿ ಯಾವ ಭಾಷಾರೂಪ ಬಳಸುತ್ತಾರೆ ಎಂಬುದನ್ನು ಕಂಡುಕೊಳ್ಳಲು ಮುಂಚಿತವಾಗಿ ಹಾಕಿಕೊಳ್ಳುವ ಯೋಜನೆ. ‘ಬೆಂಗಳೂರಿನ ಜಾಲಹಳ್ಳಿಯ ಕನ್ನಡ ಹೇಗಿದೆ?’ ಎಂಬ ಪ್ರಶ್ನೆ ತೀರ ಅಗಲ. ಅಲ್ಲಿ ‘ಇದೆ’ ಎನ್ನುವವರಾರು, ‘ಐತೆ’ ಎನ್ನುವವರಾರು ಎಂದು ಕೇಳಿದರೆ ಎಣಿಸಲು ಏನಾದರೂ ಸಿಗುತ್ತದೆ.

ಈ ಜೋಡಿ ವಿದ್ವಾಂಸರಿಗೆ ಹೊಸದಲ್ಲ. 1960ರ ಸುಮಾರಿಗೆ ವಿಲಿಯಂ ಬ್ರೈಟ್, ವಿಲಿಯಂ ಮೆಕಾರ್ಮ್ಯಾಕ್ ಕನ್ನಡದ ಜಾತಿ ಉಪಭಾಷೆಗಳ ಬಗ್ಗೆ ಬರೆದರು. ಬ್ರಾಹ್ಮಣರ ಮಾತಿನಲ್ಲಿ ಬೆಂಗಳೂರಿನ ‘ಇದೆ’ ಧಾರವಾಡದಲ್ಲಿ ‘ಅದ’ ಆಗುತ್ತಿತ್ತು. ಬ್ರಾಹ್ಮಣೇತರರಲ್ಲಿ ಎರಡೂ ಕಡೆ ‘ಐತಿ’, ‘ಐತೆ’ಯ ಬಗೆಯೇ ಇತ್ತು. ಊರುಗಳ ನಡುವಿನ ದೂರಕ್ಕಿಂತ ಜಾತಿಯ ಗೆರೆ ಮಾತನ್ನು ಹೆಚ್ಚು ಬೇರ್ಪಡಿಸಿದ್ದ ನಿದರ್ಶನವಿದು.

ಇಂದಿನ ಜಾಲಹಳ್ಳಿಗೆ ಆ ಅಳತೆಗೋಲೊಂದೇ ಸಾಲದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆ ಬಂದ ಮೇಲೆ ಅವುಗಳ ಕಾಲೊನಿಗಳಲ್ಲಿ ತಮಿಳು, ತೆಲುಗು, ಮಲಯಾಳಂ ಮನೆಮಾತಿನವರೂ ನೆಲೆಸಿದರು. ಆದ್ದರಿಂದ ಹಳೆಯ ಊರಿನ ಮನೆತನದವರು, ಕಾಲೊನಿಯಲ್ಲಿ ಬೆಳೆದವರು, ಈಚೆಗೆ ಬಾಡಿಗೆಗೆ ಬಂದವರು ಎಂದು ವಿಂಗಡಿಸಿ, ಪ್ರತಿ ಗುಂಪಿನಲ್ಲೂ ಹಿರಿಯರು, ಕಿರಿಯರು, ಹೆಂಗಸರು, ಗಂಡಸರನ್ನು ಆರಿಸಬೇಕು. ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ನಿಂತು ಸಿಕ್ಕವರನ್ನು ಕೇಳಿದರೆ ದೊರೆಯುವುದು ಪ್ರಯಾಣಿಕರ ಮಾತು, ಊರಿನದಲ್ಲ.

ಕಷ್ಟವಿರುವುದು ಕೇಳುವ ಬಗೆಯಲ್ಲಿ. ‘ನೀವು ಐತೆ ಅಂತೀರಾ?’ ಎಂದರೆ ಬಹಳ ಮಂದಿ ನಾಚಿ ಇಲ್ಲ ಎಂದುಬಿಡುತ್ತಾರೆ. ಗಿರಾಕಿಗೆ ‘ಇಲ್ಲೇ ಇದೆ ಸಾರ್’ ಎಂದ ಅಂಗಡಿಯವರೇ ಮರುಗಳಿಗೆ ಫೋನಿನಲ್ಲಿ ‘ಮನೇಲೈತೆ ಕಣಣ್ಣ’ ಅನ್ನಬಹುದು. ಎರಡೂ ಅವರ ಮಾತೇ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಲ್ಲಿ ನಾಲ್ಕನೇ ಮಹಡಿಯಲ್ಲಿ ಸಿಗುವ ಸರಕು ಎಲ್ಲಿದೆಯೆಂದು ವಿಚಾರಿಸಿ, ಕೇಳಿಸದವರಂತೆ ಮತ್ತೊಮ್ಮೆ ಹೇಳಿಸಿ, ‘ಫೋರ್ತ್ ಫ್ಲೋರ್’ ಎಂಬ ಉತ್ತರದಲ್ಲಿ 264 ಜನರ ‘ರ’ಕಾರದ ಉಚ್ಚಾರಣೆ ಗುರುತಿಸಿಕೊಂಡರು. ಆ ಉಪಾಯ ಇಲ್ಲಿಗೂ ಒಗ್ಗುತ್ತದೆ. ಆದರೆ ‘ಗಂಗಮ್ಮನ ಗುಡಿ ಎಲ್ಲಿದೆ?’ ಎಂದು ಕೇಳಬಾರದು, ಉತ್ತರವೂ ‘ಇದೆ’ ಎಂದೇ ಬಂದೀತು. ‘ಗಂಗಮ್ಮನ ಗುಡಿ ಎಲ್ಲಿ?’ ಎಂದಷ್ಟೇ ಕೇಳಿ ಸುಮ್ಮನಾಗುವುದು ಸರಿ.

ಮಾತಿನ ಧ್ವನಿಮುದ್ರಣಕ್ಕೆ ಮಾತ್ರ ಮೊದಲೇ ಒಪ್ಪಿಗೆ ಬೇಕೇ ಬೇಕು. ಧ್ವನಿಮುದ್ರಣಯಂತ್ರ ಎದುರಿಗಿದ್ದರೆ ಜನ ಬಿಗಿಯಾಗುತ್ತಾರೆ ನಿಜ. ಅದಕ್ಕೆ ಪರಿಹಾರ ಕದ್ದು ಮುದ್ರಿಸುವುದಲ್ಲ. ಗೆಳೆಯರನ್ನೋ ನೆರೆಯವರನ್ನೋ ಒಟ್ಟಿಗೆ ಕೂರಿಸಿ, ಊರಹಬ್ಬದ ವಿಷಯವೆತ್ತಿ, ಮೊದಲ ಅರ್ಧ ಗಂಟೆಯ ಮಾತನ್ನು ಲೆಕ್ಕದಿಂದ ಹೊರಗಿಡಬೇಕು. ಆಮೇಲೆ ಯಾರಾದರೂ ತಮ್ಮ ಮಾತನ್ನು ಅಳಿಸಿರೆಂದರೆ, ಎಷ್ಟೇ ಬೆಲೆಯುಳ್ಳ ಸಾಮಗ್ರಿಯಾದರೂ ಅಳಿಸಬೇಕು.