‘ಸ್ಟಾಂಚ್’ ಎಂಬ ಮಾತು

ಇಂಗ್ಲಿಷಿನ ‘ಸ್ಟಾಂಚ್’ ಎಂಬ ವಿಶೇಷಣಕ್ಕೆ ನಾವು ‘ದೃಢ’, ‘ಅಚಲ’ ಎಂದು ಅರ್ಥ ಹೇಳುತ್ತೇವೆ. ಹಿಂದೆ ಆ ಮಾತು ನೀರು ಒಸರದ ಹಡಗಿಗೂ ಸಲ್ಲುತ್ತಿತ್ತು. ನಿಷ್ಠೆಯೂ ಅಂಥದೇ, ಮುಳುಗಲು ಒಂದು ಬಿರುಕು ಸಾಕು.

ನಾಗಪುರದ ಕನ್ನಡಿಗರಾದ ನಮಗೆ ಇದರ ಉದಾಹರಣೆ ಊರಲ್ಲೇ ಇದೆ. 1923ರ ಮೇ 1ರಂದು ಇಲ್ಲಿ ಝಂಡಾ ಸತ್ಯಾಗ್ರಹ ಆರಂಭವಾಯಿತು. ಧ್ವಜ ಹಿಡಿದು ಸಿವಿಲ್ ಲೈನ್ಸ್ ಕಡೆಗೆ ಹೊರಟವರನ್ನು ಸರಕಾರ ಸೆರೆಗೆ ತಳ್ಳಿತು. ಸೆರೆವಾಸ ತಾಳದೆ ಹಲವರು ಕ್ಷಮಾಪಣೆ ಬರೆದುಕೊಟ್ಟರು. ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಳದವರು ಮಾತ್ರ ಬರೆಯಲಿಲ್ಲ. ಅದೇ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ಕಾಂಗ್ರೆಸ್ಸು ಸ್ವಯಂಸೇವಕ ದಳ ಕಟ್ಟಲು ಒಪ್ಪಿತು. ಹೊಣೆ ಹೊತ್ತವರು ಹರ್ಡೀಕರರು.

ಬರೆದುಕೊಟ್ಟವರನ್ನು ಹಳಿಯುವ ಹಕ್ಕು ನಮಗಿಲ್ಲ; ಆ ಸೆರೆಯನ್ನು ನಾವು ಕಂಡವರಲ್ಲ. ಆದರೆ ಯಾರನ್ನಾದರೂ ‘ಸ್ಟಾಂಚ್’ ಎಂದು ಹೊಗಳುವ ಮುನ್ನ ಆ ಬರೆಯದ ಕಾಗದವನ್ನು ನೆನೆಯೋಣ.